ಗುದನಾಳದ ಕ್ಯಾನ್ಸರ್: ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ಅಳೆಯುವ ಹೊಸ ಚಿತ್ರಣ ವಿಧಾನಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಗುದನಾಳದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಮತ್ತು ಕಿಮೊಥೆರಪಿ ಪಡೆದು, ಮುಂದೇನು ಎಂದು ಕಾಯುತ್ತಿರುವವರಿಗಾಗಿ ಮತ್ತು ಅವರ ಮನೆಯವರಿಗಾಗಿ ಈ ಪುಟವನ್ನು ಬರೆಯಲಾಗಿದೆ. ಎಂಆರ್‌ಐ ವರದಿ ಕೈಗೆ ಬಂದಾಗ ಅದರಲ್ಲಿರುವ ಪದಗಳು ಏನನ್ನು ಹೇಳುತ್ತಿವೆ, ಯಾವ ಪರೀಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಪತ್ರಿಕೆಗಳಲ್ಲಿ ಓದುವ ಹೊಸ ತಂತ್ರಗಳು ಯಾವ ಹಂತದಲ್ಲಿವೆ ಎಂಬುದನ್ನು ಇಲ್ಲಿ ವಿವರಿಸಿದೆ. ಚಿಕಿತ್ಸೆಯ ನಿರ್ಧಾರವನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರ ಜೊತೆ ಕುಳಿತೇ ಮಾಡಬೇಕು. ಆ ಮಾತುಕತೆಗೆ ಸಿದ್ಧರಾಗಿ ಹೋಗಲು ಈ ಬರಹ ನೆರವಾಗಲಿ ಎಂಬುದು ಉದ್ದೇಶ.

ಹೇಗೂ ಶಸ್ತ್ರಚಿಕಿತ್ಸೆ ಮಾಡಲೇಬೇಕಲ್ಲವೇ? ಹಾಗಿದ್ದಮೇಲೆ ಮತ್ತೆ ಸ್ಕ್ಯಾನ್ ಮಾಡಿಸುವುದೇಕೆ?

ಬಹುಕಾಲ ಹಾಗೆಯೇ ತಿಳಿಯಲಾಗಿತ್ತು. ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಅಲ್ಲಿ ಬೆಳೆದ ಗೆಡ್ಡೆಯನ್ನು ಮೊದಲು ವಿಕಿರಣ ಮತ್ತು ಔಷಧಗಳಿಂದ ಕುಗ್ಗಿಸಿ, ಆಮೇಲೆ ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಇಡಿಯಾಗಿ ತೆಗೆಯುವುದು ಕ್ರಮ. ಇಂಗ್ಲೆಂಡಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1980ರ ದಶಕದಲ್ಲಿ ರೂಢಿಗೆ ತಂದ ಈ ವಿಧಾನದಿಂದ, ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೆ ಅದಕ್ಕೆ ತೆರುವ ಬೆಲೆ ಸಣ್ಣದಲ್ಲ. ಗೆಡ್ಡೆ ಗುದದ್ವಾರಕ್ಕೆ ತೀರ ಹತ್ತಿರದಲ್ಲಿದ್ದರೆ ಬಿಗಿಸ್ನಾಯುವನ್ನೂ ತೆಗೆಯಬೇಕಾಗಿ, ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ಚೀಲ ಹಾಕಿಕೊಳ್ಳಬೇಕಾಗುತ್ತದೆ. ಚೀಲ ತಪ್ಪಿದರೂ ದಿನಕ್ಕೆ ಹಲವು ಬಾರಿ ಮಲವಿಸರ್ಜನೆ, ತಡೆದುಕೊಳ್ಳಲು ಆಗದಿರುವುದು, ಮೂತ್ರದ ಮತ್ತು ಲೈಂಗಿಕ ತೊಂದರೆಗಳು ಅನೇಕರನ್ನು ವರ್ಷಗಟ್ಟಲೆ ಕಾಡುತ್ತವೆ.

ಹೀಗೆ ತೆಗೆದ ಗುದನಾಳವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಕೆಲವರಲ್ಲಿ ಒಂದೇ ಒಂದು ಕ್ಯಾನ್ಸರ್ ಕಣವೂ ಸಿಗುತ್ತಿರಲಿಲ್ಲ. ಬ್ರೆಜಿಲ್‌ನ ಸಾವೊ ಪಾಲೊ ನಗರದ ಶಸ್ತ್ರವೈದ್ಯೆ ಆಂಜೆಲಿಟಾ ಹಬ್ರ್-ಗಾಮಾ, ವಿಕಿರಣ ಮತ್ತು ಔಷಧದ ನಂತರ ಗೆಡ್ಡೆಯ ಕುರುಹು ಕಾಣದವರಿಗೆ ಶಸ್ತ್ರಚಿಕಿತ್ಸೆಯನ್ನೇ ಮಾಡದೆ ಹತ್ತಿರದಿಂದ ಗಮನಿಸುತ್ತಾ ಹೋದರು. 2004ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿದ್ದ 265 ರೋಗಿಗಳ ಪೈಕಿ 71 ಮಂದಿಗೆ ಚಿಕಿತ್ಸೆಯ ನಂತರ ಗೆಡ್ಡೆಯ ಯಾವ ಕುರುಹೂ ಉಳಿದಿರಲಿಲ್ಲ. ಅವರನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಗಮನಿಸಿದಾಗಲೂ ದೀರ್ಘಕಾಲದ ಫಲಿತಾಂಶ ಉತ್ತಮವಾಗಿಯೇ ಇತ್ತು. ಅನೇಕರಿಗೆ ಅಂದು ಅದು ದುಸ್ಸಾಹಸವಾಗಿ ಕಂಡಿತ್ತು. ಇಂದು 'ಕಾದು ನೋಡುವ' ಆ ಕ್ರಮವನ್ನು ಆಯ್ದ ರೋಗಿಗಳಿಗೆ ಪ್ರಪಂಚದ ದೊಡ್ಡ ಕ್ಯಾನ್ಸರ್ ಕೇಂದ್ರಗಳು ಅನುಸರಿಸುತ್ತಿವೆ. ಅಮೆರಿಕದ ಓಪ್ರಾ ಎಂಬ ಅಧ್ಯಯನದಲ್ಲಿ, ವಿಕಿರಣ ಚಿಕಿತ್ಸೆಯನ್ನು ಮೊದಲು ಮುಗಿಸಿ ನಂತರ ಪೂರ್ತಿ ಕಿಮೊಥೆರಪಿ ಪಡೆದವರ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳ ನಂತರವೂ ತಮ್ಮ ಗುದನಾಳವನ್ನು ಉಳಿಸಿಕೊಂಡಿದ್ದರು.

ಹಾಗಾಗಿ ಚಿಕಿತ್ಸೆಯ ನಂತರದ ಸ್ಕ್ಯಾನ್‌ಗೆ ಈಗ ಬೇರೆಯದೇ ತೂಕ ಬಂದಿದೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ತೀರ್ಮಾನ, ಬೇಕಾದರೆ ಎಷ್ಟು ಭಾಗ ತೆಗೆಯಬೇಕು ಎಂಬ ಯೋಜನೆ, ಎರಡೂ ಅದರ ಮೇಲೆ ನಿಂತಿವೆ.

ಎಷ್ಟು ಜನರಲ್ಲಿ ಗೆಡ್ಡೆ ಪೂರ್ತಿ ಮಾಯವಾಗುತ್ತದೆ?

ಐದೂವರೆ ವಾರಗಳ ಸಾಮಾನ್ಯ ವಿಕಿರಣ ಮತ್ತು ಅದರ ಜೊತೆಯಲ್ಲಿ ಕ್ಯಾಪೆಸಿಟಬಿನ್ ಎಂಬ ಕಿಮೊಥೆರಪಿ ಮಾತ್ರೆ ಪಡೆದವರಲ್ಲಿ ನೂರಕ್ಕೆ ಸುಮಾರು 15ರಷ್ಟು ಮಂದಿಗೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಿಮೊಥೆರಪಿಯನ್ನೂ ಪೂರ್ತಿ ಕೊಟ್ಟು ಮುಗಿಸುವ ಹೊಸ ಕ್ರಮದಲ್ಲಿ ಈ ಪ್ರಮಾಣ ಹೆಚ್ಚು. ಯುರೋಪಿನ ರಾಪಿಡೊ ಅಧ್ಯಯನದಲ್ಲಿ ಅದು ನೂರಕ್ಕೆ 14ರಿಂದ 28ಕ್ಕೆ ಏರಿತು. ಉಳಿದವರಲ್ಲಿ ಬಹುಪಾಲು ಜನರ ಗೆಡ್ಡೆ ಕುಗ್ಗಿರುತ್ತದೆ, ಆದರೆ ಪೂರ್ತಿ ಹೋಗಿರುವುದಿಲ್ಲ. ಇದರಿಂದ ಎದೆಗುಂದಬೇಕಿಲ್ಲ, ಕುಗ್ಗಿದ ಗೆಡ್ಡೆಯನ್ನು ಅಂಚಿನಲ್ಲಿ ಏನೂ ಉಳಿಯದಂತೆ ತೆಗೆಯುವುದು ಸುಲಭ, ಮತ್ತು ಅದು ಗುಣವಾಗುವ ದಾರಿಯೇ.

ಸ್ಕ್ಯಾನ್‌ನಲ್ಲಿ ಗೆಡ್ಡೆ ಇದೆಯೋ ಇಲ್ಲವೋ ಎಂದು ಹೇಳುವುದು ಅಷ್ಟು ಕಷ್ಟವೇಕೆ?

ಗೆಡ್ಡೆ ಸತ್ತ ಜಾಗ ಖಾಲಿಯಾಗಿ ಉಳಿಯುವುದಿಲ್ಲ ಎಂಬುದೇ ಕಾರಣ. ವಿಕಿರಣ ತಾಗಿದ ಕರುಳಿನ ಗೋಡೆಯಲ್ಲಿ ಊತ ಬರುತ್ತದೆ, ಉರಿಯೂತ ಇರುತ್ತದೆ, ಕ್ರಮೇಣ ಅಲ್ಲಿ ನಾರುಗಟ್ಟಿದ ಗಾಯದ ಕಲೆ ಬೆಳೆಯುತ್ತದೆ. ಆ ಕಲೆಯೇ ಗೋಡೆಯನ್ನು ದಪ್ಪವಾಗಿ ತೋರಿಸುತ್ತದೆ. ಸಿಟಿ ಸ್ಕ್ಯಾನ್‌ಗೆ ಕಲೆಗೂ ಗೆಡ್ಡೆಗೂ ವ್ಯತ್ಯಾಸವೇ ಕಾಣದು; ಗುದನಾಳದೊಳಗೆ ಸಲಕರಣೆ ಇಟ್ಟು ಮಾಡುವ ಸಾಮಾನ್ಯ ಅಲ್ಟ್ರಾಸೌಂಡ್ ಕೂಡ ವಿಕಿರಣದ ನಂತರ ಎಡವುತ್ತದೆ. ಇನ್ನೊಂದು ತೊಡಕೆಂದರೆ, ಉಳಿದಿರುವ ಕ್ಯಾನ್ಸರ್ ಕಣಗಳು ಒಂದೇ ಉಂಡೆಯಾಗಿರದೆ ಕಲೆಯ ನಾರುಗಳ ನಡುವೆ ಸಣ್ಣ ಸಣ್ಣ ಗುಂಪುಗಳಾಗಿ ಚದುರಿರಬಹುದು. ಯಾವ ಯಂತ್ರವಾದರೂ ತನ್ನ ಕಣ್ಣಿಗೆ ಎಟುಕುವಷ್ಟು ದೊಡ್ಡದನ್ನು ಮಾತ್ರ ತೋರಿಸಬಲ್ಲದು.

ಒಂದು ಚೂರು ತೆಗೆದು ಬಯಾಪ್ಸಿ ಮಾಡಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಚಿಕಿತ್ಸೆಯ ನಂತರ ಒಳಪದರವು ಮೊದಲು ವಾಸಿಯಾಗಿ, ಕ್ಯಾನ್ಸರ್ ಕಣಗಳು ಅದರ ಕೆಳಗಿನ ಸ್ನಾಯುಪದರದಲ್ಲಿ ಉಳಿಯುವುದು ಸಾಮಾನ್ಯ. ಎಂಡೋಸ್ಕೋಪಿಯ ಇಕ್ಕುಳಕ್ಕೆ ಸಿಗುವುದು ಮೇಲ್ಪದರದ ಚೂರು ಮಾತ್ರ. ಆದ್ದರಿಂದ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡರೆ ಅದನ್ನು ನಂಬಬೇಕು. ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಯಾನ್ಸರ್ ಇಲ್ಲವೆಂದು ತಿಳಿಯಬಾರದು.

ಈಗ ವಾಡಿಕೆಯಲ್ಲಿರುವ ಎಂಆರ್‌ಐ ಏನನ್ನು ನೋಡುತ್ತದೆ?

ಟಿ2 ಎಂದು ಕರೆಯುವ ಚಿತ್ರಗಳು ಇದರ ತಳಹದಿ. ಈ ಚಿತ್ರಗಳಲ್ಲಿ ಜೀವಂತ ಗೆಡ್ಡೆ ನಡುಬೂದು ಬಣ್ಣದಲ್ಲಿ ಕಾಣುತ್ತದೆ, ನಾರುಗಟ್ಟಿದ ಕಲೆ ಕಡುಗಪ್ಪಾಗಿ ಕಾಣುತ್ತದೆ, ಲೋಳೆ ತುಂಬಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ಚಿತ್ರದ ಪದರಗಳು ಸುಮಾರು 3 ಮಿಲಿಮೀಟರ್‌ನಷ್ಟು ತೆಳ್ಳಗಿರಬೇಕು ಮತ್ತು ಗೆಡ್ಡೆ ಇದ್ದ ಜಾಗಕ್ಕೆ ಸರಿಯಾಗಿ ಅಡ್ಡಡ್ಡವಾಗಿ ತೆಗೆದಿರಬೇಕು. ಓರೆಯಾಗಿ ತೆಗೆದ ಪದರದಲ್ಲಿ ಗೋಡೆಯ ಅಂಚು ಮಸುಕಾಗಿ, ಇಲ್ಲದ ಗೆಡ್ಡೆ ಇದ್ದಂತೆ ಕಾಣಬಹುದು. ನನ್ನ ಅಭಿಪ್ರಾಯದಲ್ಲಿ ಯಂತ್ರದ ಆಯಸ್ಕಾಂತದ ಬಲ 1.5 ಟೆಸ್ಲಾ ಆಗಿದೆಯೋ 3 ಟೆಸ್ಲಾ ಆಗಿದೆಯೋ ಎಂಬುದಕ್ಕಿಂತ, ಚಿತ್ರಗಳನ್ನು ಹೀಗೆ ಶ್ರದ್ಧೆಯಿಂದ ತೆಗೆದಿದ್ದಾರೆಯೇ ಎಂಬುದೇ ಹೆಚ್ಚು ಮುಖ್ಯ.

ಬ್ರಿಟನ್ನಿನ ರೇಡಿಯಾಲಜಿಸ್ಟ್ ಜೀನಾ ಬ್ರೌನ್ ಮತ್ತು ಅವರ ಸಂಗಡಿಗರು ಮರ್ಕ್ಯುರಿ ಅಧ್ಯಯನದ ಮೂಲಕ ಚಿಕಿತ್ಸೆಗೆ ಗೆಡ್ಡೆಯ ಸ್ಪಂದನೆಯನ್ನು ಐದು ದರ್ಜೆಗಳಲ್ಲಿ ಅಳೆಯುವ ಕ್ರಮವನ್ನು ಬೆಳೆಸಿದರು. ನಿಮ್ಮ ವರದಿಯಲ್ಲಿ 'ಎಂಆರ್‌ಟಿಆರ್‌ಜಿ' ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಅದು ಇದೇ. ದರ್ಜೆ 1 ಎಂದರೆ ಉಳಿದ ಗೆಡ್ಡೆಯ ಕುರುಹು ಇಲ್ಲ, ತೆಳುವಾದ ಕಲೆ ಮಾತ್ರ ಇದೆ ಅಥವಾ ಅದೂ ಇಲ್ಲ. ದರ್ಜೆ 5 ಎಂದರೆ ಗೆಡ್ಡೆ ಇದ್ದಂತೆಯೇ ಇದೆ. ನಾಲ್ಕು ಮತ್ತು ಐದನೆಯ ದರ್ಜೆಯವರ ಮುಂದಿನ ಫಲಿತಾಂಶ ಉಳಿದವರಿಗಿಂತ ಕೆಳಮಟ್ಟದ್ದೆಂದು ಆ ಅಧ್ಯಯನ ತೋರಿಸಿತು. ಆದರೂ ಎಂಆರ್‌ಐ ಕೊಡುವ ದರ್ಜೆ, ಶಸ್ತ್ರಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕ ಕೊಡುವ ದರ್ಜೆಗೆ ಯಾವಾಗಲೂ ಹೊಂದಿಕೆಯಾಗುವುದಿಲ್ಲ. ಅದರಲ್ಲೂ ಒಂದು ಮತ್ತು ಎರಡನೆಯ ದರ್ಜೆಗಳ ನಡುವಿನ ಗೆರೆ ತೀರ ತೆಳುವಾದದ್ದು.

ಆ ತೆಳು ಗೆರೆಯನ್ನು ಗುರುತಿಸಲು ಪೋರ್ಚುಗಲ್‌ನ ಸಂಶೋಧಕರು 2020ರಲ್ಲಿ ವಿವರಿಸಿದ ಒಂದು ಲಕ್ಷಣ ಉಪಯುಕ್ತವಾಗಿದೆ. ಗೆಡ್ಡೆ ಪೂರ್ತಿ ಹೋದ ಜಾಗವನ್ನು ಒಳ್ಳೆಯ ಟಿ2 ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿದರೆ, ಕರುಳಿನ ಒಳಬದಿಯಲ್ಲಿ ಒಂದು ತೆಳುವಾದ, ನುಣುಪಾದ ಕಪ್ಪು ಗೆರೆ, ಹೊರಬದಿಯಲ್ಲಿ ಸ್ನಾಯುಪದರದ ಇನ್ನೊಂದು ಗೆರೆ, ನಡುವೆ ಅವೆರಡನ್ನೂ ಬೇರ್ಪಡಿಸುವ ಪಟ್ಟಿ ಕಾಣುತ್ತದೆ. ಕಲೆ ಹೀಗೆ ಪದರ ಪದರವಾಗಿ ಸೀಳಿಕೊಂಡಿದ್ದರೆ ಅದು ಶುಭಸೂಚನೆ. ಈ ಗೆರೆಗಳನ್ನು ಮುರಿದುಕೊಂಡು ಬೂದು ಬಣ್ಣದ ತುಣುಕೊಂದು ನಡುವೆ ನುಗ್ಗಿದ್ದರೆ ಅನುಮಾನಿಸಬೇಕು. ಎಲ್ಲರಲ್ಲೂ ಈ ಲಕ್ಷಣ ಕಾಣಿಸದು, ಕಾಣಿಸದಿದ್ದ ಮಾತ್ರಕ್ಕೆ ಗೆಡ್ಡೆ ಇದೆ ಎಂದೂ ಅರ್ಥವಲ್ಲ. ಸ್ಪಷ್ಟವಾಗಿ ಕಂಡಾಗ ಮಾತ್ರ ಅದರ ಸಾಕ್ಷ್ಯಕ್ಕೆ ಬೆಲೆ ಇದೆ.

ಡಿಫ್ಯೂಷನ್ ಎಂಆರ್‌ಐ ಎಂದರೇನು? ಅದು ಬೇರೆ ಪರೀಕ್ಷೆಯೇ?

ಬೇರೆ ಪರೀಕ್ಷೆಯಲ್ಲ; ಅದೇ ಎಂಆರ್‌ಐಯಲ್ಲಿ, ಅದೇ ಹಾಸಿಗೆಯ ಮೇಲೆ, ಇನ್ನು ಕೆಲವು ನಿಮಿಷ ಮಲಗಿದ್ದರೆ ಸಿಗುವ ಹೆಚ್ಚುವರಿ ಚಿತ್ರಗಳು. ಅಂಗಾಂಶದೊಳಗಿನ ನೀರಿನ ಅಣುಗಳು ಎಷ್ಟು ಸಲೀಸಾಗಿ ಅತ್ತಿತ್ತ ಸರಿದಾಡುತ್ತಿವೆ ಎಂಬುದನ್ನು ಇದು ಅಳೆಯುತ್ತದೆ. ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ತುಂಬಿರುವ ಕಡೆ ನೀರಿಗೆ ಸರಿದಾಡಲು ಎಡೆಯಿರುವುದಿಲ್ಲ. ಅಂಥ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಣಗಳು ಸತ್ತು ಅಂಗಾಂಶ ಸಡಿಲವಾದಾಗ ಆ ಹೊಳಪು ಆರಿಹೋಗುತ್ತದೆ. ಚಿಕಿತ್ಸೆಯ ನಂತರದ ಪರೀಕ್ಷೆಯಲ್ಲಿ ಟಿ2 ಚಿತ್ರಗಳ ಜೊತೆಗೆ ಇವನ್ನೂ ತೆಗೆಯಬೇಕೆಂದು ಯುರೋಪಿನ ಹೊಟ್ಟೆ-ಕರುಳಿನ ರೇಡಿಯಾಲಜಿ ತಜ್ಞರ ಸಂಘ ಒಮ್ಮತದಿಂದ ಸಲಹೆ ಮಾಡಿದೆ. ಈ ಒಂದು ಸೇರ್ಪಡೆಯಿಂದಾದ ಪ್ರಯೋಜನ ಇತ್ತೀಚಿನ ಉಳಿದೆಲ್ಲ ಹೊಸ ತಂತ್ರಗಳಿಗಿಂತ ದೊಡ್ಡದು ಎಂದು ನಾನು ನಂಬಿದ್ದೇನೆ, ಏಕೆಂದರೆ ಇದು ಜಿಲ್ಲಾ ಕೇಂದ್ರಗಳಲ್ಲಿರುವ ಸಾಮಾನ್ಯ ಯಂತ್ರಗಳಲ್ಲೂ ಸಾಧ್ಯ.

ಆದರೆ ಹೊಳೆಯುವುದೆಲ್ಲ ಗೆಡ್ಡೆಯಲ್ಲ. ಕರುಳಿನೊಳಗಿನ ದ್ರವ, ಊತ ಬಂದ ಒಳಪದರ, ಲೋಳೆಯ ಗುಳ್ಳೆ ಇವೂ ಹೊಳೆಯಬಹುದು. ಅದನ್ನು ಪರಿಹರಿಸಲು ಎಡಿಸಿ ಎಂಬ ಲೆಕ್ಕಾಚಾರದ ನಕ್ಷೆಯನ್ನು ಪಕ್ಕದಲ್ಲಿ ಇಟ್ಟು ನೋಡುತ್ತಾರೆ: ಮೊದಲ ಚಿತ್ರದಲ್ಲಿ ಹೊಳೆದು, ನಕ್ಷೆಯಲ್ಲಿ ಕಪ್ಪಾಗಿ ಕಂಡರೆ ಮಾತ್ರ ಅದು ನಿಜವಾದ ಅನುಮಾನ. ಎರಡರಲ್ಲೂ ಬೆಳ್ಳಗಿದ್ದರೆ ಬಹುಮಟ್ಟಿಗೆ ಅದು ದ್ರವ. ಎರಡರಲ್ಲೂ ಕಪ್ಪಗಿದ್ದರೆ ಸಾಮಾನ್ಯವಾಗಿ ಅದು ಗಾಯದ ಕಲೆ. ನಕ್ಷೆಯೊಂದನ್ನೇ ನೋಡಿದವರು ಇದನ್ನು ಗೆಡ್ಡೆಯೆಂದು ತಪ್ಪು ತಿಳಿಯುವ ಸಂಭವವಿದೆ.

ಪರೀಕ್ಷೆಗೆ ಮುಂಚೆ ಎನಿಮಾ ಕೊಡುವುದೇಕೆ? ಬೇಡವೆನ್ನಬಹುದೇ?

ದಯವಿಟ್ಟು ಬೇಡವೆನ್ನಬೇಡಿ. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಡಿಫ್ಯೂಷನ್ ಚಿತ್ರಗಳು ಗಾಳಿಯ ಅಂಚಿನಲ್ಲಿ ಎಳೆದಂತೆ ಸೊಟ್ಟಗಾಗುತ್ತವೆ, ಅಲ್ಲಿ ಸುಳ್ಳು ಹೊಳಪೂ ಮೂಡುತ್ತದೆ. ಗೆಡ್ಡೆ ಇದ್ದ ಜಾಗ ಆ ಅಂಚಿನಲ್ಲೇ ಇರುವುದರಿಂದ ವರದಿ ಬರೆಯುವವರು ಗೊಂದಲಕ್ಕೆ ಬೀಳುತ್ತಾರೆ. ಪರೀಕ್ಷೆಗೆ ಸ್ವಲ್ಪ ಮೊದಲು ಕೊಡುವ ಚಿಕ್ಕ ಎನಿಮಾ ಆ ಗಾಳಿಯನ್ನೂ ಮಲವನ್ನೂ ಹೊರಹಾಕುತ್ತದೆ. ಕರುಳಿನ ಚಲನೆಯನ್ನು ತುಸು ಹೊತ್ತು ನಿಲ್ಲಿಸಲು ಕೆಲವು ಕಡೆ ಹಯೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಗ್ಲಾಕೋಮಾ ಅಥವಾ ಹೃದಯದ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಸಾಧನವಿದ್ದರೆ ಅದನ್ನೂ ಹೇಳಿ.

ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕೇ?

ಗುದನಾಳದ ವಾಡಿಕೆಯ ಎಂಆರ್‌ಐಗೆ ಅದು ಅಗತ್ಯವಿಲ್ಲ. ಕಾಂಟ್ರಾಸ್ಟ್ ಕೊಟ್ಟು ರಕ್ತ ಹರಿಯುವ ವೇಗವನ್ನು ಅಳೆಯುವ ವಿಧಾನವೊಂದಿದೆ, ಸಂಶೋಧನೆಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ದಿನನಿತ್ಯದ ತೀರ್ಮಾನಕ್ಕೆ ಅದು ಹೆಚ್ಚಿಗೆ ಏನನ್ನೂ ಸೇರಿಸಿದೆ ಎಂದು ತೋರಿಬಂದಿಲ್ಲ.

ಚಿಕಿತ್ಸೆ ಮುಗಿದ ಎಷ್ಟು ದಿನಕ್ಕೆ ಸ್ಕ್ಯಾನ್ ಮಾಡಿಸಬೇಕು?

ವಿಕಿರಣದ ಕೆಲಸ ಕೊನೆಯ ದಿನಕ್ಕೆ ನಿಲ್ಲುವುದಿಲ್ಲ. ಗೆಡ್ಡೆ ಅದಾದ ಮೇಲೂ ಹಲವು ವಾರ ಕುಗ್ಗುತ್ತಲೇ ಇರುತ್ತದೆ. ತೀರ ಬೇಗ ಸ್ಕ್ಯಾನ್ ಮಾಡಿಸಿದರೆ ಊತವನ್ನೇ ಗೆಡ್ಡೆಯೆಂದು ಓದುವ ಅಪಾಯವಿದೆ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದ 6ರಿಂದ 12 ವಾರಗಳ ನಡುವೆ ಮೊದಲ ಮೌಲ್ಯಮಾಪನ ನಡೆಯುತ್ತದೆ, ನಿಖರವಾದ ವಾರವನ್ನು ನೀವು ಪಡೆದ ಚಿಕಿತ್ಸೆಯ ಕ್ರಮ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆ ಹೊತ್ತಿಗೆ ಬಹುಪಾಲು ಹೋಗಿದ್ದು ಇನ್ನೂ ಸ್ವಲ್ಪ ಅನುಮಾನ ಉಳಿದಿದ್ದರೆ, ಅದನ್ನು ಸಮೀಪಪೂರ್ಣ ಸ್ಪಂದನೆ ಎಂದು ಗುರುತಿಸಿ, ಇನ್ನು 6ರಿಂದ 12 ವಾರ ಬಿಟ್ಟು ಮತ್ತೊಮ್ಮೆ ನೋಡುವ ಪದ್ಧತಿಯಿದೆ. ಈ ಕಾಯುವಿಕೆ ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕು. ಸ್ಪಂದಿಸದೆ ಉಳಿದಿರುವ ಗೆಡ್ಡೆಯನ್ನು ಇಟ್ಟುಕೊಂಡು ಸುಮ್ಮನೆ ದಿನ ದೂಡುವುದು ಬೇರೆ ಮಾತು; ಅದು ಅಪಾಯಕಾರಿ.

ದುಗ್ಧಗ್ರಂಥಿಗಳ (ಲಿಂಫ್ ನೋಡ್‌ಗಳ) ವಿಷಯದಲ್ಲಿ ಚಿತ್ರಗಳು ಎಷ್ಟು ನಂಬಲರ್ಹ?

ಗೋಡೆಯ ವಿಷಯದಲ್ಲಿ ಇರುವಷ್ಟು ಅಲ್ಲ. ಚಿಕಿತ್ಸೆಯ ನಂತರ ಗ್ರಂಥಿಯ ಕಿರಿಯ ಅಡ್ಡಳತೆ 5 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಅದನ್ನು ಸಾಮಾನ್ಯವೆಂದು ಪರಿಗಣಿಸುವ ರೂಢಿಯಿದೆ. ಡಿಫ್ಯೂಷನ್ ಚಿತ್ರದಲ್ಲಿ ಆರೋಗ್ಯವಂತ ಗ್ರಂಥಿಗಳೂ ಹೊಳೆಯುವುದರಿಂದ, ಗ್ರಂಥಿ ಎಲ್ಲಿದೆ ಎಂದು ಹುಡುಕಲು ಅದು ನೆರವಾಗುತ್ತದೆಯೇ ಹೊರತು ಅದರೊಳಗೆ ಕ್ಯಾನ್ಸರ್ ಇದೆಯೇ ಎಂದು ಹೇಳಲು ಸಾಲದು.

ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲವೂ ತಿಳಿಯುತ್ತದಂತೆ, ಹೌದೇ?

ಈ ನಂಬಿಕೆ ನಮ್ಮಲ್ಲಿ ಬಲವಾಗಿದೆ. ದುಬಾರಿಯಾದದ್ದೇ ಉತ್ತಮವೆಂಬ ಭಾವನೆಯಿಂದ ಅನೇಕ ಕುಟುಂಬಗಳು ಸಾಲ ಮಾಡಿಯಾದರೂ ಪೆಟ್ ಸ್ಕ್ಯಾನ್ ಮಾಡಿಸುತ್ತವೆ. ವಿಕಿರಣಶೀಲ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದನ್ನು ಹೆಚ್ಚಾಗಿ ಹೀರಿಕೊಳ್ಳುವ ಜಾಗಗಳನ್ನು ಗುರುತಿಸುವುದು ಇದರ ಕ್ರಮ. ಕ್ಯಾನ್ಸರ್ ಕಣಗಳು ಸಕ್ಕರೆಯನ್ನು ಹೆಚ್ಚು ಹೀರುತ್ತವೆ ನಿಜ, ಆದರೆ ವಿಕಿರಣದಿಂದ ಉರಿಯೂತಗೊಂಡ ಕರುಳೂ ಹೀರುತ್ತದೆ. ಯಕೃತ್ತು, ಶ್ವಾಸಕೋಶ ಮುಂತಾದ ದೂರದ ಅಂಗಗಳಲ್ಲಿ ಬೇರೆ ಸ್ಕ್ಯಾನ್‌ಗಳು ಅನುಮಾನ ಹುಟ್ಟಿಸಿದಾಗ ಪೆಟ್ ಬಹಳ ಪ್ರಯೋಜನಕಾರಿ. ಗುದನಾಳದ ಗೋಡೆಯಲ್ಲಿ ಕೊನೆಯ ಕೆಲವು ಕಣಗಳು ಉಳಿದಿವೆಯೇ ಎಂಬ ಪ್ರಶ್ನೆಗೆ ಅದೊಂದನ್ನೇ ನೆಚ್ಚಬಾರದು.

ಪೆಟ್ ಮತ್ತು ಎಂಆರ್‌ಐ ಎರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದ ವ್ಯವಸ್ಥೆ ಕೆಲವು ಕೇಂದ್ರಗಳಲ್ಲಿದೆ. ಸಕ್ಕರೆಯ ಬದಲು, ಗೆಡ್ಡೆಯ ಸುತ್ತ ಬೆಳೆಯುವ ನಾರುಕಣಗಳ ಒಂದು ಪ್ರೋಟೀನನ್ನು ಗುರುತಿಸುವ ಫಾಪಿ ಎಂಬ ಹೊಸ ದ್ರವ್ಯ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪುಗೊಂಡು ಈಗ ಅನೇಕ ದೇಶಗಳಲ್ಲಿ ಪರೀಕ್ಷೆಯಲ್ಲಿದೆ. ಅದು ಗೆಡ್ಡೆಯನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ವಿಕಿರಣದ ನಂತರದ ಕಲೆಯೂ ನಾರುಕಣಗಳಿಂದಲೇ ಆಗುವುದರಿಂದ, ಚಿಕಿತ್ಸೆಯ ಫಲವನ್ನು ಅಳೆಯುವ ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಎಂಬುದನ್ನು ಎಚ್ಚರದಿಂದಲೇ ನೋಡಬೇಕಾಗಿದೆ.

ಬೆಳಕು ಮತ್ತು ಧ್ವನಿ ಸೇರಿಸಿ ಚಿತ್ರ ತೆಗೆಯುವ ಫೋಟೋಅಕೌಸ್ಟಿಕ್ ವಿಧಾನವೆಂದರೇನು?

ಹೊಸ ವಿಧಾನಗಳ ಪೈಕಿ ಮೂಲದಲ್ಲೇ ಬೇರೆಯಾಗಿ ಯೋಚಿಸಿದ್ದು ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲಿಯೇ ಗಮನಿಸಿದಂತೆ, ಬೆಳಕನ್ನು ಬಿಟ್ಟು ಬಿಟ್ಟು ಒಂದು ವಸ್ತುವಿನ ಮೇಲೆ ಹಾಯಿಸಿದರೆ ಅದು ಕ್ಷಣ ಕ್ಷಣಕ್ಕೂ ಕಾದು ಹಿಗ್ಗಿ, ಧ್ವನಿಯನ್ನು ಹೊರಡಿಸುತ್ತದೆ. ದೇಹದೊಳಗೆ ಲೇಸರ್ ಬೆಳಕಿನ ಅತಿ ಚಿಕ್ಕ ಮಿಡಿತಗಳನ್ನು ಬಿಟ್ಟಾಗ ಅದನ್ನು ಚೆನ್ನಾಗಿ ಹೀರಿಕೊಳ್ಳುವುದು ರಕ್ತದ ಹಿಮೋಗ್ಲೋಬಿನ್. ರಕ್ತನಾಳಗಳಿರುವ ಜಾಗದಿಂದ ಆಗ ಕಿವಿಗೆ ಕೇಳಿಸದ ಸೂಕ್ಷ್ಮ ಧ್ವನಿತರಂಗಗಳು ಏಳುತ್ತವೆ. ಅಲ್ಟ್ರಾಸೌಂಡ್ ಸಲಕರಣೆಯೇ ಅವನ್ನು ಹಿಡಿದು ರಕ್ತನಾಳಗಳ ನಕ್ಷೆ ಬಿಡಿಸುತ್ತದೆ. ಬೆಳಕೊಂದನ್ನೇ ಬಳಸಿದರೆ ಅದು ಅಂಗಾಂಶದೊಳಗೆ ಬೇಗ ಚದುರಿಹೋಗುತ್ತದೆ; ಧ್ವನಿ ಅಷ್ಟು ಚದುರುವುದಿಲ್ಲವಾದ್ದರಿಂದ ಇನ್ನೂ ಆಳದ ಚಿತ್ರ ಸಿಗುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ವಿಂಗ್ ಝು ಅವರ ತಂಡ ಅಲ್ಲಿನ ಶಸ್ತ್ರವೈದ್ಯರ ಜೊತೆಗೂಡಿ ಇದನ್ನು ಗುದನಾಳಕ್ಕೆ ಅಳವಡಿಸಿತು. ಬೆರಳಿನಂತೆ ಉದ್ದಕ್ಕಿರುವ ಸಲಕರಣೆಯೊಂದನ್ನು ಗುದದ್ವಾರದ ಮೂಲಕ ಒಳಗಿಟ್ಟು, ಅದರ ತುದಿ ತಿರುಗುತ್ತಾ ಸುತ್ತಲಿನ ಗೋಡೆಯ ಚಿತ್ರ ತೆಗೆಯುತ್ತದೆ. ಫೋಟೋಅಕೌಸ್ಟಿಕ್ ಚಿತ್ರವೂ ಸಾಮಾನ್ಯ ಅಲ್ಟ್ರಾಸೌಂಡ್ ಚಿತ್ರವೂ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಜೊತೆಯಲ್ಲೇ ಸಿಗುತ್ತವೆ. ಅವರು ಕಂಡುಕೊಂಡ ಸಂಗತಿ ಸರಳ ಮತ್ತು ಸುಂದರ. ಆರೋಗ್ಯವಂತ ಗುದನಾಳದ ಒಳಪದರದ ಕೆಳಗೆ ರಕ್ತನಾಳಗಳ ಎಡೆಬಿಡದ ಜಾಲವಿರುತ್ತದೆ. ಗೆಡ್ಡೆ ಬೆಳೆದ ಕಡೆ ಆ ಜಾಲ ಹರಿದುಹೋಗಿರುತ್ತದೆ. ಚಿಕಿತ್ಸೆಯಿಂದ ಗೆಡ್ಡೆ ಪೂರ್ತಿ ನಾಶವಾದವರಲ್ಲಿ ಆ ಜಾಲ ಮತ್ತೆ ಮೂಡಿಕೊಳ್ಳುತ್ತದೆ. ಕ್ಯಾನ್ಸರ್ ಉಳಿದವರಲ್ಲಿ ಆ ಜಾಗ ಬರಿದಾಗಿಯೇ ಇರುತ್ತದೆ. ಉಳಿದ ವಿಧಾನಗಳೆಲ್ಲ ಇಲ್ಲವಾದುದನ್ನು, ಅಂದರೆ ಗೆಡ್ಡೆ ಕಾಣದಿರುವುದನ್ನು ಹುಡುಕುತ್ತಿರುವಾಗ, ಇದು ಆರೋಗ್ಯ ಮರಳಿದ ಗುರುತನ್ನೇ ನೇರವಾಗಿ ಹುಡುಕುತ್ತದೆ. ಈ ಚಿತ್ರಗಳನ್ನು ಓದಲು ಕಂಪ್ಯೂಟರಿಗೆ ಕಲಿಸಿ ತಂಡವು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಅಲ್ಟ್ರಾಸೌಂಡ್ ಚಿತ್ರಗಳಿಗಿಂತ ಫೋಟೋಅಕೌಸ್ಟಿಕ್ ಚಿತ್ರಗಳಿಂದ ಸಾಮಾನ್ಯ ಅಂಗಾಂಶವನ್ನೂ ಕ್ಯಾನ್ಸರನ್ನೂ ಬೇರ್ಪಡಿಸುವುದು ಎದ್ದುಕಾಣುವಷ್ಟು ಸುಧಾರಿಸಿತ್ತು.

ಇದರ ಮಿತಿಗಳನ್ನೂ ಹೇಳಬೇಕು. ಅಧ್ಯಯನಕ್ಕೆ ಒಳಪಟ್ಟ ರೋಗಿಗಳ ಸಂಖ್ಯೆ ಚಿಕ್ಕದು. ಸಲಕರಣೆ ಕರುಳಿನ ಗೋಡೆಯನ್ನು ನೋಡುತ್ತದೆ. ಕೊಬ್ಬಿನ ಹೊದಿಕೆಯ ಆಳದಲ್ಲಿರುವ ದುಗ್ಧಗ್ರಂಥಿಗಳನ್ನು ಮುಟ್ಟುವುದಿಲ್ಲ, ಆದ್ದರಿಂದ ಎಂಆರ್‌ಐಯ ಜಾಗವನ್ನು ಅದು ತುಂಬಲಾರದು. ಇದು ಇನ್ನೂ ಸಂಶೋಧನೆಯ ಹಂತದ ವಿಧಾನ. ಹಾಗಿದ್ದರೂ ಭರವಸೆ ಮೂಡುವುದಕ್ಕೆ ಒಂದು ಗಟ್ಟಿ ಕಾರಣವಿದೆ: ಕಾದು ನೋಡುವವರಲ್ಲಿ ಕ್ಯಾನ್ಸರ್ ಮತ್ತೆ ಬೆಳೆದರೆ ಅದು ಹೆಚ್ಚುಕಡಿಮೆ ಯಾವಾಗಲೂ ಬೆಳೆಯುವುದು ಈ ಸಲಕರಣೆ ನೋಡಬಲ್ಲ ಗೋಡೆಯಲ್ಲಿಯೇ.

ಬೆಳಕಿನಿಂದಲೇ ಪದರಗಳನ್ನು ನೋಡುವ ಓಸಿಟಿ?

ಕಣ್ಣಿನ ಅಕ್ಷಿಪಟಲ ಪರೀಕ್ಷೆಗೆ ನೇತ್ರವೈದ್ಯರು ಬಳಸುವ ತಂತ್ರವೇ ಇದು. ಮೇಲಿನ ಒಂದೆರಡು ಮಿಲಿಮೀಟರ್ ಆಳವನ್ನು ಮಾತ್ರ, ಆದರೆ ಬಹಳ ಸೂಕ್ಷ್ಮವಾಗಿ ತೋರಿಸುತ್ತದೆ. ಆರೋಗ್ಯವಂತ ಒಳಪದರದ ಗ್ರಂಥಿಗಳು ಅದರಲ್ಲಿ ಸಾಲು ಹಲ್ಲುಗಳಂತೆ ಕಾಣುತ್ತವೆ, ಕ್ಯಾನ್ಸರ್ ಇದ್ದ ಕಡೆ ಆ ಸಾಲು ಅಳಿಸಿಹೋಗಿರುತ್ತದೆ. ಆಳದಲ್ಲಿ ಉಳಿದ ಕಣಗಳು ಇದರ ಕಣ್ಣಿಗೆ ಬೀಳುವುದಿಲ್ಲ.

ಕೃತಕ ಬುದ್ಧಿಮತ್ತೆ ವೈದ್ಯರಿಗಿಂತ ಚೆನ್ನಾಗಿ ಓದುತ್ತದೆಯೇ?

ಎಂಆರ್‌ಐ ಚಿತ್ರದಲ್ಲಿ ಬರಿಗಣ್ಣಿಗೆ ಕಾಣದ ಹೊಳಪು-ಮಬ್ಬುಗಳ ವಿನ್ಯಾಸವನ್ನು ನೂರಾರು ಅಂಕಿಗಳಾಗಿ ಪರಿವರ್ತಿಸಿ, ಅವುಗಳಿಂದ ಸ್ಪಂದನೆಯನ್ನು ಊಹಿಸುವ ವಿಧಾನಕ್ಕೆ ರೇಡಿಯೋಮಿಕ್ಸ್ ಎನ್ನುತ್ತಾರೆ. ಇದರ ಬಗ್ಗೆ ಪ್ರಬಂಧಗಳ ಮಹಾಪೂರವೇ ಬಂದಿದೆ. ತೊಂದರೆಯೆಂದರೆ, ಒಂದು ಆಸ್ಪತ್ರೆಯ ಯಂತ್ರದ ಚಿತ್ರಗಳಿಂದ ಕಲಿತ ಗಣಕ ಇನ್ನೊಂದು ಆಸ್ಪತ್ರೆಯ ಯಂತ್ರದ ಚಿತ್ರಗಳ ಮುಂದೆ ತಡವರಿಸುತ್ತದೆ. ಹೆಚ್ಚಿನ ಅಧ್ಯಯನಗಳು ಒಂದೇ ಕೇಂದ್ರದವು, ಹಿಂದಿನ ದಾಖಲೆಗಳನ್ನು ಆಧರಿಸಿದವು. ಆದ್ದರಿಂದ ಸದ್ಯಕ್ಕೆ ಅದನ್ನು ಅನುಭವಿ ರೇಡಿಯಾಲಜಿಸ್ಟ್‌ಗೆ ಮುಂದೆ ಸಿಗಬಹುದಾದ ಸಹಾಯಕನೆಂದು ಕಾಣಬೇಕು. ಗಣಕದ ಅಂಕವೊಂದನ್ನೇ ಹಿಡಿದು ಶಸ್ತ್ರಚಿಕಿತ್ಸೆ ಬೇಡವೆಂದು ಯಾರಾದರೂ ಹೇಳಿದರೆ ಎರಡನೆಯ ಅಭಿಪ್ರಾಯ ಪಡೆಯಿರಿ.

ವಿಕಿರಣ ಕೊಡುವಾಗಲೇ ಎಂಆರ್‌ಐ ತೆಗೆಯುವ ಯಂತ್ರವೂ ಇದೆಯಂತೆ?

ಇದೆ; ಅದನ್ನು ಎಂಆರ್-ಲಿನಾಕ್ ಎನ್ನುತ್ತಾರೆ. ಪ್ರತಿದಿನ ಚಿಕಿತ್ಸೆಗೆ ಮುಂಚೆ ಗೆಡ್ಡೆ ಎಲ್ಲಿದೆ, ಎಷ್ಟು ಕುಗ್ಗಿದೆ ಎಂದು ನೋಡಿ ಕಿರಣಗಳ ಗುರಿಯನ್ನು ತಿದ್ದಿಕೊಳ್ಳಬಹುದು. ಚಿಕಿತ್ಸೆಯ ನಡುವಿನಲ್ಲೇ ಸ್ಪಂದನೆಯನ್ನು ಅಳೆಯಲು ಸಾಧ್ಯವಾದರೆ, ಸ್ಪಂದಿಸದವರಿಗೆ ಬೇಗನೆ ದಾರಿ ಬದಲಿಸಬಹುದೆಂಬ ಆಸೆಯಿಂದ ಅಧ್ಯಯನಗಳು ನಡೆಯುತ್ತಿವೆ.

ಕೆಲವರಲ್ಲಿ ಚಿತ್ರಗಳು ದಾರಿ ತಪ್ಪಿಸುತ್ತವೆ ಎನ್ನುತ್ತಾರೆ. ಯಾರಲ್ಲಿ?

ಮುಖ್ಯವಾಗಿ ಲೋಳೆ ತುಂಬಿದ ಗೆಡ್ಡೆಗಳಿರುವವರಲ್ಲಿ. ಅವರಲ್ಲಿ ಕ್ಯಾನ್ಸರ್ ಕಣಗಳೆಲ್ಲ ಸತ್ತ ಮೇಲೂ ಲೋಳೆಯ ಕೆರೆ ಉಳಿದು, ಟಿ2 ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಲೇ ಇರುತ್ತದೆ. ಅದರೊಳಗೆ ಜೀವಂತ ಕಣಗಳಿವೆಯೇ ಎಂದು ಚಿತ್ರ ಹೇಳಲಾರದು. ಭಾರತದ ರೋಗಿಗಳಲ್ಲಿ, ಅದರಲ್ಲೂ ಕಿರಿಯ ವಯಸ್ಸಿನವರಲ್ಲಿ, ಸಿಗ್ನೆಟ್ ರಿಂಗ್ ಎಂಬ ಬಗೆಯ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಎಂದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವರದಿಗಳು ತೋರಿಸಿವೆ. ಇದು ಉಂಡೆಯಾಗಿ ಬೆಳೆಯದೆ ಗೋಡೆಯುದ್ದಕ್ಕೂ ಹರಡಿಕೊಳ್ಳುವ ಸ್ವಭಾವದ್ದಾದ್ದರಿಂದ, ಪಾಶ್ಚಾತ್ಯ ರೋಗಿಗಳ ಚಿತ್ರಗಳಿಂದ ಬಂದ ಅಳತೆಗೋಲುಗಳನ್ನು ಇಲ್ಲಿ ಕಣ್ಣುಮುಚ್ಚಿ ಬಳಸಲಾಗದು. ನಿಮ್ಮ ಮೊದಲ ಬಯಾಪ್ಸಿ ವರದಿಯಲ್ಲಿ ಯಾವ ಬಗೆಯೆಂದು ಬರೆದಿದೆ ಎಂಬುದನ್ನು ತಿಳಿದಿಟ್ಟುಕೊಳ್ಳುವುದು ಈ ಕಾರಣಕ್ಕೆ ಮುಖ್ಯ.

ಇನ್ನೊಂದು ಗುಂಪು, ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುವ ಕ್ಯಾನ್ಸರ್ ಉಳ್ಳವರು. ಇಂಥವರು ವಿರಳ, ಆದರೆ ಇವರಿಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಅಚ್ಚರಿಯ ಫಲ ಕೊಟ್ಟಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೊಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಪೂರ್ತಿ ಪಡೆದ 12 ಮಂದಿಯಲ್ಲಿ ಅಷ್ಟೂ ಜನರ ಗೆಡ್ಡೆ ವಿಕಿರಣವಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಲ್ಲದೆ ಮಾಯವಾಗಿತ್ತು. ಅಂಥ ಚಿಕಿತ್ಸೆಯ ನಂತರವೂ ಗೋಡೆಯ ದಪ್ಪ ಮತ್ತು ಲೋಳೆ ಎಂಆರ್‌ಐಯಲ್ಲಿ ಕೆಲಕಾಲ ಉಳಿಯಬಹುದು. ಎಂಡೋಸ್ಕೋಪಿಯಲ್ಲಿ ವಾಸಿಯಾದಂತೆ ಕಂಡರೂ ಸ್ಕ್ಯಾನ್ ಹಿಂದೆ ಬೀಳುತ್ತದೆ.

ಎಂಡೋಸ್ಕೋಪಿ ಒಂದು ಹೇಳಿ, ಎಂಆರ್‌ಐ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು?

ಪೂರ್ಣ ಸ್ಪಂದನೆ ಎನ್ನಬೇಕಾದರೆ ಮೂರು ಪರೀಕ್ಷೆಗಳೂ ಒಪ್ಪಬೇಕು. ಅನುಭವಿ ಶಸ್ತ್ರವೈದ್ಯರ ಬೆರಳಿಗೆ ಗಂಟಾಗಲಿ ಗಡಸಾಗಲಿ ಸಿಗಬಾರದು. ಎಂಡೋಸ್ಕೋಪಿಯಲ್ಲಿ ಹುಣ್ಣಿಲ್ಲದೆ, ಚಪ್ಪಟೆಯಾದ ಬಿಳಿ ಕಲೆ ಮತ್ತು ಅದರ ಮೇಲೆ ಸಣ್ಣ ಕೆಂಪು ರಕ್ತನಾಳಗಳ ಎಳೆಗಳು ಮಾತ್ರ ಕಾಣಬೇಕು. ಎಂಆರ್‌ಐಯ ಟಿ2 ಚಿತ್ರದಲ್ಲಿ ಕಪ್ಪು ಕಲೆ ಅಥವಾ ಸಹಜ ಗೋಡೆಯಿದ್ದು, ಡಿಫ್ಯೂಷನ್‌ನಲ್ಲಿ ಅನುಮಾನದ ಹೊಳಪು ಇರಬಾರದು, ಅನುಮಾನದ ಗ್ರಂಥಿಗಳೂ ಇರಬಾರದು. ಇವುಗಳಲ್ಲಿ ಒಂದು ಭಿನ್ನವಾದರೆ, ಶಸ್ತ್ರವೈದ್ಯರು, ವಿಕಿರಣ ತಜ್ಞರು, ಕಿಮೊಥೆರಪಿ ವೈದ್ಯರು ಮತ್ತು ರೇಡಿಯಾಲಜಿಸ್ಟ್ ಒಟ್ಟಿಗೆ ಕುಳಿತು ಚಿತ್ರಗಳನ್ನು ನೋಡುವ ಟ್ಯೂಮರ್ ಬೋರ್ಡ್ ಸಭೆಯಲ್ಲಿ ಚರ್ಚೆಯಾಗಬೇಕು. 'ನನ್ನ ಚಿತ್ರಗಳನ್ನು ಟ್ಯೂಮರ್ ಬೋರ್ಡ್‌ನಲ್ಲಿ ನೋಡಿದ್ದೀರಾ?' ಎಂದು ಕೇಳಲು ಸಂಕೋಚಪಡಬೇಡಿ. ಅದು ನಿಮ್ಮ ಹಕ್ಕು.

ಕಾದು ನೋಡುವ ದಾರಿ ಹಿಡಿದರೆ ಎಷ್ಟು ದಿನ, ಎಷ್ಟು ಬಾರಿ ಪರೀಕ್ಷೆ?

ಅಂತರರಾಷ್ಟ್ರೀಯ ದಾಖಲೆಯೊಂದು 2018ರಲ್ಲಿ ಪ್ರಕಟಿಸಿದ ವಿವರದಂತೆ, ಪೂರ್ಣ ಸ್ಪಂದನೆ ಪಡೆದು ಶಸ್ತ್ರಚಿಕಿತ್ಸೆಯಿಲ್ಲದೆ ಉಳಿದ 880 ಮಂದಿಯಲ್ಲಿ ಎರಡು ವರ್ಷಗಳೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗೆಡ್ಡೆ ಅದೇ ಜಾಗದಲ್ಲಿ ಮತ್ತೆ ಬೆಳೆಯಿತು. ಹಾಗೆ ಬೆಳೆದವುಗಳಲ್ಲಿ ನೂರಕ್ಕೆ 88 ಮೊದಲ ಎರಡು ವರ್ಷಗಳಲ್ಲೇ ಪತ್ತೆಯಾದವು, ನೂರಕ್ಕೆ 97 ಕರುಳಿನ ಗೋಡೆಯಲ್ಲೇ ಇದ್ದವು. ಆದ್ದರಿಂದ ಮೊದಲ ಎರಡು ವರ್ಷ 3–4 ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ ಮತ್ತು ಎಂಡೋಸ್ಕೋಪಿ, ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಎಂಆರ್‌ಐ, ಜೊತೆಗೆ ಸಿಇಎ ಎಂಬ ಕ್ಯಾನ್ಸರ್ ಸೂಚಕದ ರಕ್ತಪರೀಕ್ಷೆ ಮತ್ತು ಎದೆ-ಹೊಟ್ಟೆಯ ಸಿಟಿ ಇರುತ್ತವೆ. ಆಮೇಲೆ ಅಂತರ ಹೆಚ್ಚಿಸಿ ಐದು ವರ್ಷದವರೆಗೆ ಮುಂದುವರಿಸುತ್ತಾರೆ. ಸಮಯಕ್ಕೆ ಪತ್ತೆಯಾದರೆ ಹೆಚ್ಚಿನವರಿಗೆ ಆಗಲೂ ಶಸ್ತ್ರಚಿಕಿತ್ಸೆ ಸಾಧ್ಯ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ರಾಯಚೂರು, ಬೀದರ್ ಅಥವಾ ಕೊಡಗಿನ ಹಳ್ಳಿಯಿಂದ ಬೆಂಗಳೂರಿಗೆ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಮೂರು ತಿಂಗಳಿಗೊಮ್ಮೆ ತಪ್ಪದೆ ಬರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಹಾಗೆ ಬರಲಾಗದವರಿಗೆ ಕಾದು ನೋಡುವ ಕ್ರಮಕ್ಕಿಂತ ಶಸ್ತ್ರಚಿಕಿತ್ಸೆಯೇ ಸುರಕ್ಷಿತವಾಗಿರಬಹುದು. ಅದನ್ನು ಸೋಲೆಂದು ತಿಳಿಯಬೇಕಿಲ್ಲ. ಎಂಆರ್‌ಐಯನ್ನು ಹತ್ತಿರದ ಊರಿನಲ್ಲಿ ಮಾಡಿಸಿ, ಚಿತ್ರಗಳನ್ನು ಮಾತ್ರ ದೊಡ್ಡ ಕೇಂದ್ರದ ತಜ್ಞರಿಂದ ಓದಿಸಬಹುದೇ ಎಂದು ಮೊದಲೇ ಕೇಳಿ ನೋಡಿ. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯ ನಂತರದ ಸ್ಕ್ಯಾನ್‌ಗಳಿಗೆ ಏನು ದೊರೆಯುತ್ತದೆ ಎಂಬುದನ್ನು ಅಲ್ಲಿನ ಆರೋಗ್ಯಮಿತ್ರರಲ್ಲಿ ವಿಚಾರಿಸಿ.

ಹಳೆಯ ಸ್ಕ್ಯಾನ್‌ಗಳನ್ನು ಇಟ್ಟುಕೊಳ್ಳಬೇಕೇ?

ಖಂಡಿತ ಇಟ್ಟುಕೊಳ್ಳಿ, ಬರಿಯ ವರದಿಯ ಹಾಳೆಯನ್ನಲ್ಲ, ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವನ್ನು. ಚಿಕಿತ್ಸೆಗೆ ಮುಂಚೆ ಗೆಡ್ಡೆ ಯಾವ ಮಗ್ಗುಲಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂದು ಪಕ್ಕದಲ್ಲಿಟ್ಟು ನೋಡದೆ, ಚಿಕಿತ್ಸೆಯ ನಂತರದ ಚಿತ್ರದಲ್ಲಿ ಒಂದು ಸಣ್ಣ ಕಲೆಯನ್ನು ಹುಡುಕುವುದು ರೇಡಿಯಾಲಜಿಸ್ಟ್‌ಗೆ ಬಹಳ ಕಷ್ಟ. ಮುದ್ರಿಸಿದ ದೊಡ್ಡ ಫಿಲ್ಮ್‌ನಲ್ಲಿ ಆಯ್ದ ಕೆಲವೇ ಚಿತ್ರಗಳಿರುತ್ತವೆ, ಡಿಫ್ಯೂಷನ್ ಚಿತ್ರಗಳೂ ಎಡಿಸಿ ನಕ್ಷೆಯೂ ಹಲವೊಮ್ಮೆ ಅದರಲ್ಲಿ ಇರುವುದೇ ಇಲ್ಲ. ಸ್ಕ್ಯಾನ್ ಮಾಡಿಸಿದ ದಿನವೇ ಸಿಡಿಯನ್ನು ಕೇಳಿ ಪಡೆದು, ಅದರ ಮೇಲೆ ದಿನಾಂಕ ಮತ್ತು 'ಚಿಕಿತ್ಸೆಗೆ ಮುಂಚೆ' ಅಥವಾ 'ಚಿಕಿತ್ಸೆಯ ನಂತರ' ಎಂದು ಬರೆದು, ಮೊದಲ ಬಯಾಪ್ಸಿ ವರದಿಯ ಜೊತೆ ಒಂದೇ ಫೈಲಿನಲ್ಲಿಡಿ. ಮುಂದಿನ ಪ್ರತಿ ಭೇಟಿಗೂ ಆ ಫೈಲನ್ನು ಇಡಿಯಾಗಿ ಕೊಂಡೊಯ್ಯಿರಿ.